ಮೂವತ್ತನಾಲ್ಕು ಕಿಲೋ ಮುಷ್ಟಿ

ಶಂಕರೆಪ್ಪ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿದವರು ಹಾಗೆ ತಿಳಿಯುವ ಸಂಭವ ಬಹಳ ಇದೆ. ಅವನಿಗಿದ್ದ ಕಾಯಿಲೆಯೇ ಬೇರೆ. ಎದುರಿಗೆ ನಾಲ್ಕು ಮಂದಿ ನಿಂತರೆ ಸಾಕು, ಅವನ ಬಾಯಿ ಅವನನ್ನು ಕೇಳದೆ ತೆರೆದುಕೊಳ್ಳುತ್ತಿತ್ತು. ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಹುಡುಗರ ಕಿವಿ ಹಿಂಡಿ ನಿವೃತ್ತನಾದ ನನಗೆ ಈ ಕಾಯಿಲೆ ಗುರುತಿಸಲು ಎರಡು ನಿಮಿಷ ಸಾಕಾಯಿತು. ಆದರೆ ಪಕ್ಕದ ಮನೆಯವನೆಂಬ ಒಂದೇ ಕಾರಣಕ್ಕೆ ಅದರ ಫಲವನ್ನೆಲ್ಲ ನಾನೂ ಉಣ್ಣಬೇಕಾಯಿತು.

ಇಂಡಿ ಊರಿನ ಬಸ್ ನಿಲ್ದಾಣದ ಎದುರು ಅವನದೊಂದು ಲಿಂಬಿ ಸರಬತ್ತಿನ ಗಾಡಿ. ನಮ್ಮ ಕಡೆಯ ನಿಂಬೆಹಣ್ಣಿನ ವಿಷಯ ನಾನು ಹೇಳಬೇಕಾಗಿಲ್ಲ, ಕುಡಿದವರಿಗೆ ಗೊತ್ತು. ಅವನ ಮಗಳು ರಾಜಶ್ರೀಗೆ ಹದಿನಾಲ್ಕು ವರ್ಷ. ಶಾಲೆ ಬಿಟ್ಟ ಮೇಲೆ, ರವಿವಾರ, ಸೂಟಿಯ ದಿನ ಗಾಡಿಯ ಹಿಂದೆ ನಿಂತು ಹಣ್ಣು ಹಿಂಡುವವಳು ಅವಳೇ. ಹಿಂಡುವುದಕ್ಕೆ ಯಂತ್ರಗಿಂತ್ರ ಇಲ್ಲ. ಹೋಳನ್ನು ಅಂಗೈಯಲ್ಲಿಟ್ಟು ಮುಷ್ಟಿ ಕಟ್ಟಿದಳೆಂದರೆ ರಸ ಗ್ಲಾಸಿಗೆ, ಬೀಜ ಬೆರಳಸಂದಿಗೆ, ಸಿಪ್ಪೆ ಬುಟ್ಟಿಗೆ. ಸೊಲ್ಲಾಪುರದ ಬಸ್ಸು ಹತ್ತು ನಿಮಿಷ ನಿಂತರೆ ನಲವತ್ತು ಮಂದಿ ಕಿಟಕಿಯಿಂದ ಕೈ ಚಾಚಿ "ಲಗೂ ಕೊಡಬೇ ತಂಗಿ, ಬಸ್ ಬಿಡ್ತೈತಿ" ಎಂದು ಕೂಗುತ್ತಿದ್ದರು. ಒಬ್ಬನೂ ಬಾಯಾರಿ ಹೋದದ್ದನ್ನು ನಾನು ಕಂಡಿಲ್ಲ.

ಇದೇ ಹುಡುಗಿ ಶಾಲೆಯಲ್ಲಿ ತಬ್ರೇಜ ಸರ್ ಹತ್ತಿರ ಜೂಡೋ ಕಲಿಯುತ್ತಿದ್ದಳು. ಜೂಡೋ ಎಂದರೆ ಕುಸ್ತಿಯ ತಮ್ಮ. ಎದುರಾಳಿಯ ದಪ್ಪ ಅಂಗಿಯ ಕೊರಳಪಟ್ಟಿ ಹಿಡಿದು ನೆಲಕ್ಕೆ ಕೆಡವಬೇಕು. ಹಿಡಿದದ್ದನ್ನು ಬಿಟ್ಟವನು ಕೆಟ್ಟ. ಶಾಲೆಯಲ್ಲಿ ಹಾಸಿಗೆಯಿಲ್ಲ, ಹೊಟ್ಟು ತುಂಬಿದ ಚೀಲಗಳ ಮೇಲೆ ಬೀಳುತ್ತಿದ್ದರು. ಈ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲೂಕು ಸೇರಿಸಿ ಒಂದೇ ಒಂದು ಹುಡುಗಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಎಂದು ಸುದ್ದಿ ಬಂತು. ಊಟ, ಓದು, ಎರಡು ಹೊತ್ತು ಆಟ, ಆಡಲಿಕ್ಕೆ ನಿಜವಾದ ಹಾಸಿಗೆ. ರಾಜಶ್ರೀ ಅಂದಿನಿಂದ ನಿದ್ದೆಯಲ್ಲೂ ಹಾಸ್ಟೆಲಿನ ಮಾತನ್ನೇ ಆಡುತ್ತಿದ್ದಳಂತೆ.

ಮೊದಲ ಪರೀಕ್ಷೆ ಸಿಂದಗಿಯಲ್ಲಿ. ಫಾರ್ಮು ತುಂಬಲು ಅಕ್ಷರ ಬಲ್ಲವರು ಬೇಕೆಂದು ಶಂಕರೆಪ್ಪ ನನ್ನನ್ನೂ ಎಳೆದುಕೊಂಡು ಹೋದ. ಆಯ್ಕೆ ಸಮಿತಿಯ ಸಾಹೇಬರು ಬಸಂತರಾಯ ಎಂಬ ಕನ್ನಡಕದ ಮನುಷ್ಯ. ಅವರ ಮೇಜಿನ ಮೇಲೆ ಒಂದು ಯಂತ್ರ, ಬೈಕಿನ ಬ್ರೇಕಿನಂಥ ಹಿಡಿಕೆ, ಅದರ ಮೇಲೆ ಗಡಿಯಾರದಂಥ ಮುಖ. ಹಿಡಿಕೆಯನ್ನು ಮುಷ್ಟಿಯಲ್ಲಿ ಬಿಗಿದರೆ ಕೈಯ ಕಸುವು ಎಷ್ಟು ಕಿಲೋ ಎಂದು ಮುಳ್ಳು ತೋರಿಸುತ್ತದೆ. ಹುಡುಗಿಯರು ಸಾಲಾಗಿ ಬಂದರು. ಇಪ್ಪತ್ತೆರಡು, ಇಪ್ಪತ್ನಾಲ್ಕು, ಇಪ್ಪತ್ತೊಂದು. ಮುದ್ದೇಬಿಹಾಳದ ದಾನೇಶ್ವರಿ ಎಂಬ ಗಟ್ಟಿ ಹುಡುಗಿ ಮೂವತ್ತು ಮುಟ್ಟಿಸಿದಾಗ ಬಿಳಿ ಜುಬ್ಬಾ ತೊಟ್ಟ ಅವಳ ತಂದೆ, ದೊಡ್ಡ ಗುತ್ತಿಗೆದಾರ, ಸುತ್ತ ನೋಡಿ ಗಂಟಲು ಸರಿಮಾಡಿಕೊಂಡ.

ರಾಜಶ್ರೀ ಹಿಂಡಿದಳು. ಮೂವತ್ತನಾಲ್ಕು.

"ಮಷೀನ್ ಕೆಟ್ಟೈತಿ" ಎಂದರು ಸಾಹೇಬರು. ತಾವೇ ಹಿಂಡಿ ನೋಡಿದರು. ಇಪ್ಪತ್ತೊಂಬತ್ತು. ಕಚೇರಿಯ ಸಿಪಾಯಿಯಿಂದ ಹಿಂಡಿಸಿದರು, ಮೂವತ್ತೊಂದು. ಮತ್ತೆ ರಾಜಶ್ರೀ, ಮತ್ತೆ ಮೂವತ್ತನಾಲ್ಕು. ಯಂತ್ರ ಸರಿಯಾಗಿದೆ ಎಂದು ತೀರ್ಮಾನವಾಯಿತು. ಸಾಹೇಬರು ಯಂತ್ರವನ್ನು ನಿಧಾನವಾಗಿ ತಮ್ಮ ಕಡೆಗೆ ಎಳೆದುಕೊಂಡರು.

"ಏನ್ ತರಬೇತಿ ಕೊಟ್ಟೀರಿ ಹುಡುಗಿಗೆ?"

ಇಲ್ಲಿ ಶಂಕರೆಪ್ಪ "ಲಿಂಬಿ ಹಿಂಡ್ತಾಳ್ರಿ" ಎಂದಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು, ನಾನೂ ಮನೆಗೆ ಹೋಗಿ ಮಲಗುತ್ತಿದ್ದೆ. ಆದರೆ ಅಷ್ಟರಲ್ಲಿ ಗುತ್ತಿಗೆದಾರ, "ನಮ್ಮ ಹುಡುಗಿಗಿ ಜಿಮ್ ಹಚ್ಚೇವ್ರಿ. ಪ್ರೋಟೀನ್ ಪುಡಿ ಹೊರಗಿಂದ ತರಸ್ತೇವಿ" ಎಂದುಬಿಟ್ಟ. ಶಂಕರೆಪ್ಪ ಅವನ ಜುಬ್ಬಾ ನೋಡಿದ, ತನ್ನ ಅಂಗಿ ನೋಡಿಕೊಂಡ. ಬಾಯಿ ತೆರೆದುಕೊಂಡಿತು.

"ನಮ್ಮ ಮನೆತನದ್ದ ಒಂದು ಪದ್ಧತಿ ಐತ್ರಿ ಸಾಹೇಬ್ರ. ಮುತ್ತ್ಯಾನ ಕಾಲದ್ದು. ಹೊರಗ ಹೇಳಾಂಗಿಲ್ಲ."

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಕಡೀ ಪರೀಕ್ಷಾ ಆರು ವಾರಕ್ಕ ಬಾಗೇವಾಡಿಯೊಳಗ. ಅವತ್ತು ಹೇಳಾಕ ಬೇಕಾಗ್ತೈತಿ ನೋಡ್ರಿ. ವರದಿಯೊಳಗ ಬರೀಬೇಕು" ಎಂದರು. ನಾನು ಶಂಕರೆಪ್ಪನ ಕಾಲು ತುಳಿದೆ. ಅವನು ನನ್ನ ಕಾಲನ್ನು ವಾಪಸು ತುಳಿದ.

ಬಸ್ಸು ಇಂಡಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮರುದಿನ ಬೆಳಿಗ್ಗೆ ಅವನ ಮನೆಯ ಮುಂದೆ ಹನ್ನೊಂದು ಮಕ್ಕಳು, ಹನ್ನೊಂದು ತಂದೆಯರು. "ನಮ್ಮ ಹುಡುಗಗೂ ನಿಮ್ಮ ಮುತ್ತ್ಯಾನ ಪದ್ಧತಿ ಹೇಳಿಕೊಡ್ರಿ ಉಸ್ತಾದ್ರ." ಉಸ್ತಾದ! ನಿನ್ನೆಯವರೆಗೆ "ಏ ಸರಬತ್ತಾ" ಎನ್ನಿಸಿಕೊಳ್ಳುತ್ತಿದ್ದವನು. ಆ ಮುತ್ತ್ಯಾನ, ಅಂದರೆ ಅವನ ಅಜ್ಜನ, ವಿಷಯ ನನಗೆ ಗೊತ್ತು. ಜೀವಮಾನದಲ್ಲಿ ಅವನು ಬಿಗಿಯಾಗಿ ಹಿಡಿದದ್ದು ಎಲೆಅಡಿಕೆಯ ಚೀಲ ಒಂದನ್ನೇ.

ಉಸ್ತಾದನಾದ ಮೇಲೆ ಶಂಕರೆಪ್ಪನಿಗೆ ಮೊದಲು ಹೊಳೆದದ್ದು ಇದು: ತಾಲೂಕಿಗೇ ಗಟ್ಟಿ ಕೈ ಎನಿಸಿಕೊಂಡ ಹುಡುಗಿ ಬಸ್ ನಿಲ್ದಾಣದಲ್ಲಿ ಹಣ್ಣು ಹಿಂಡುತ್ತ ನಿಂತರೆ ಜನ ಏನಂದಾರು? ಅಂದಿನಿಂದ ಅವಳ ಕೈಗೆ ಪೂರ್ಣ ವಿಶ್ರಾಂತಿ. ನಿಂಬೆ ಬಂದ್. ರೊಟ್ಟಿ ಬಡಿಯುವುದು ಬಂದ್. ಕೊಡ ಹೊರುವುದು, ಎಮ್ಮೆ ಹಿಂಡುವುದು, ಬಟ್ಟೆ ಹಿಂಡುವುದು, ಎಲ್ಲ ಬಂದ್. ಕಸುವು ಸೋರಿಹೋಗಬಾರದೆಂದು ಎರಡೂ ಕೈಗೆ ಉಣ್ಣೆಯ ಮಫ್ಲರ್ ಸುತ್ತಿದ. ಮಾರ್ಚ್ ತಿಂಗಳ ಬಿಸಿಲು, ಹುಡುಗಿಯ ಕೈಯಲ್ಲಿ ಮಫ್ಲರ್! ನಾಲ್ಕು ದಿನಕ್ಕೆ ಅವಳ ಗಣಿತದ ಟೀಚರು ಮನೆಗೇ ಬಂದರು.

"ಹೋಮ್‌ವರ್ಕ್ ಯಾಕ ಬರದಿಲ್ಲ ಅಂದ್ರ, ಕೈಗಿ ರೆಸ್ಟ್ ಐತ್ರಿ ಅಂತಾಳಲ್ರಿ ನಿಮ್ಮ ಮಗಳು?"

"ಹೌದ್ರಿ ಟೀಚರ, ಪದ್ಧತಿಯೊಳಗ ಹಂಗ ಐತಿ" ಎಂದ ಶಂಕರೆಪ್ಪ.

ಇದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಮೂವತ್ತೆರಡು ವರ್ಷದಲ್ಲಿ ಹೋಮ್‌ವರ್ಕ್ ತಪ್ಪಿಸುವವರ ಸಾವಿರ ನೆವ ಕೇಳಿದ್ದೇನೆ, ತಂದೆಯೇ ಎದುರು ನಿಂತು ನೆವ ಹೇಳಿದ್ದನ್ನು ಕೇಳಿರಲಿಲ್ಲ. ಕಾಂಪೌಂಡಿನ ಆಚೆಯಿಂದಲೇ ಬೈದೆ. ಅವನು "ಮಾಸ್ತರ್ರ, ಇದು ನಿಮಗ ತಿಳಿಯೂದಲ್ರಿ" ಎಂದ.

ಇತ್ತ ಗಾಡಿಯ ಗತಿ ಏನು? ಸ್ವತಃ ಉಸ್ತಾದನೇ ನಿಂತು ಹಿಂಡಬೇಕಾಯಿತು. ಸೊಲ್ಲಾಪುರದ ಬಸ್ಸು ಹತ್ತು ನಿಮಿಷ ನಿಂತರೆ ಒಂಬತ್ತು ಗ್ಲಾಸು. ಹತ್ತನೆಯದಕ್ಕೆ ಬೆರಳು ಸೆಟೆದುಕೊಂಡು ಬಿಚ್ಚುತ್ತಿರಲಿಲ್ಲ. ಪಕ್ಕದಲ್ಲೇ ಬಳೆ ಅಂಗಡಿಯ ಮೆಹರಾಜ ಕೂತಿರುತ್ತಾಳೆ. ಅವಳ ನಾಲಿಗೆಗೆ ಇಂಡಿಯಲ್ಲಿ ಎದುರಿಲ್ಲ. "ಯಾಕ್ರಿ ಶಂಕರಣ್ಣ, ಪದ್ಧತಿ ಮಗಳಿಗಷ್ಟ ಕೊಟ್ಟು ಹೋದ್ರೇನು ನಿಮ್ಮ ಮುತ್ತ್ಯಾ?" ಎಂದು ಕೇಳಿದಳು. ಬಸ್ಸಿನ ಕಿಟಕಿಗಳೆಲ್ಲ ನಕ್ಕವು.

ನಾಲ್ಕು ವಾರ ಹೀಗೆ ಸಾಗಿತು. ಇನ್ನು ಹದಿನಾಲ್ಕು ದಿನ ಇದೆ ಎನ್ನುವಾಗ ತಬ್ರೇಜ ಸರ್ ಎಲ್ಲಿಂದಲೋ ಅಂಥದೇ ಯಂತ್ರವೊಂದನ್ನು ಕೇಳಿ ತಂದರು. ಸಣಕಲು ದೇಹ, ಮಾತು ಕಡಿಮೆ, ನೇರ ಮನುಷ್ಯ. ಶಂಕರೆಪ್ಪನ ಮನೆಯ ಕಟ್ಟೆಯ ಮೇಲೇ ಮಫ್ಲರ್ ಬಿಚ್ಚಿಸಿ ರಾಜಶ್ರೀ ಕೈಗೆ ಹಿಡಿಕೆ ಕೊಟ್ಟರು. ಹುಡುಗಿ ಹಲ್ಲು ಕಚ್ಚಿ ಹಿಂಡಿದಳು.

ಇಪ್ಪತ್ತೆಂಟು.

ಇನ್ನೊಮ್ಮೆ ಹಿಂಡಿದಳು. ಇಪ್ಪತ್ತೇಳು. ರಾಜಶ್ರೀ ಯಂತ್ರವನ್ನು ಕೆಳಗಿಟ್ಟು ತನ್ನ ಅಂಗೈ ನೋಡಿಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು.

"ಏನ್ ಬಿಡಿಸೀರಿ ಈ ಹುಡುಗಿಗಿ?" ಎಂದರು ತಬ್ರೇಜ ಸರ್.

"ಏನೂ ಬಿಡಿಸಿಲ್ರಿ. ಬಾದಾಮಿ ಕೊಡಾಕತ್ತೇನಿ, ತುಪ್ಪಾ ಕೊಡಾಕತ್ತೇನಿ..."

"ಲಿಂಬಿ ಹಿಂಡೂದ ಬಿಡಿಸ್ಯಾನ್ರಿ ಸರ" ಎಂದಳು ಒಳಗಿನಿಂದ ಬಂದ ಸಿದ್ದವ್ವ. ಶಂಕರೆಪ್ಪನ ಹೆಂಡತಿ. ನಾಲ್ಕು ವಾರದಿಂದ ಮಗಳ ಪಾಲಿನ ಕೆಲಸವನ್ನೂ ಮಾಡಿ ಅವಳ ಸಿಟ್ಟು ಹದಕ್ಕೆ ಬಂದಿತ್ತು. "ಕುಂತುಂಡ್ರ ಕುಡಿಕಿ ಹೊನ್ನು ಸಾಲೂದಿಲ್ಲಂತ. ಕುಂದರಿಸಿಟ್ಟ ಕೈಯಾಗ ಕಸುವು ಉಳೀತೈತೇನು? ಎಂಟು ವರ್ಷದಾಕಿ ಇದ್ದಾಗಿಂದ ಹಿಂಡ್ಯಾಳ. ಅದರಿಂದ ಬಂದ ಕೈ ಅದು. ಮುತ್ತ್ಯಾಂದಂತ, ಪದ್ಧತಿಯಂತ!"

ತಬ್ರೇಜ ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ಹೇಳಿದರು. ಬಲ ಬೇರೆ, ಬಹಳ ಹೊತ್ತು ತಡೆಯುವುದು ಬೇರೆ. ಒಮ್ಮೆ ಜೋರಾಗಿ ಹಿಡಿಯುವವರು ಸಿಗುತ್ತಾರೆ. ನಾಲ್ಕು ನಿಮಿಷ ಕೊರಳಪಟ್ಟಿ ಬಿಡದವರು ಸಿಗುವುದಿಲ್ಲ. ದಿನಾ ಇನ್ನೂರು ಹಣ್ಣು ಹಿಂಡಿದ ಕೈಗೆ ಎರಡೂ ಇರುತ್ತವೆ. "ನಾಳಿಂದ ಗಾಡಿಗಿ ಕಳಸ್ರಿ. ಒಂದು ದಿನ ಪೂರಾ ಹಿಂಡಲಿ, ಒಂದು ದಿನ ಅರ್ಧ. ಇನ್ನೂ ವ್ಯಾಳ್ಯಾ ಐತಿ."

"ಗಾಡಿಗಿ ಬ್ಯಾಡ್ರಿ ಸರ, ಮಂದಿ ನೋಡ್ತಾರ" ಎಂದ ಶಂಕರೆಪ್ಪ.

ಆಗ ರಾಜಶ್ರೀ ಬಾಯಿ ಬಿಟ್ಟಳು. "ಅಪ್ಪಾ, ನನಗ ಆ ಹಾಸ್ಟೆಲ್ ಬೇಕು. ನಿನ್ನ ಮರ್ಯಾದಿ ಆಮ್ಯಾಲ ನೋಡ್ಕೊಳ್ಳೂಣು."

ಕೊನೆಗೆ ರಾಜಿಯಾದದ್ದು ಹೀಗೆ: ಹುಡುಗಿ ಹಿಂಡಬೇಕು, ಆದರೆ ಮನೆಯೊಳಗೆ, ಬಾಗಿಲು ಹಾಕಿಕೊಂಡು. ಹಣ್ಣು ಚೀಲಗಟ್ಟಲೆ ಒಳಗೆ ಹೋಗತೊಡಗಿತು. ಗಾಡಿಗೆ ಎಷ್ಟು ಬೇಕೋ ಅಷ್ಟು ರಸ ಹೋಗುತ್ತಿತ್ತು, ಉಳಿದದ್ದು ಓಣಿಗೆ. ಮೊದಲ ದಿನ ನಮ್ಮ ಮನೆಗೆ ಒಂದು ತಂಬಿಗೆ ಬಂತು, ಸಂತೋಷಪಟ್ಟೆ. ಎರಡನೆಯ ದಿನ ಒಂದು ಕೊಡ. ಸಾರಿಗೆ ಲಿಂಬಿ, ಅನ್ನಕ್ಕೆ ಲಿಂಬಿ, ಚಹಾಕ್ಕೆ ಲಿಂಬಿ. ನಾಲ್ಕನೆಯ ದಿನ ಹಲ್ಲು ಜುಮ್ಮೆಂದು ರೊಟ್ಟಿ ಕಡಿಯಲಾಗಲಿಲ್ಲ. ಓಣಿಯ ಹಿತ್ತಾಳೆ ಪಾತ್ರೆಗಳು ಮಾತ್ರ ಯಾವ ದೀಪಾವಳಿಗೂ ಹೊಳೆಯದಷ್ಟು ಹೊಳೆದವು.

ಹಾಕಿದ ಬಾಗಿಲು, ಒಳಗೆ ಹೋಗುವ ಚೀಲಗಳು. ಮೆಹರಾಜಳಿಗೆ ಇಷ್ಟು ಸಾಲದೆ? "ಗುಟ್ಟು ಇರೂದ ಲಿಂಬಿಯೊಳಗ" ಎಂದಳು. ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ, ಆದ್ದರಿಂದ ಸುದ್ದಿಗೆ ಯಾವ ಅಡ್ಡಿಯೂ ಆಗಲಿಲ್ಲ. ಬಸ್ಸು ಹತ್ತಿ ಅದು ಸಿಂದಗಿಗೆ ಹೋಯಿತು, ಅಲ್ಲಿ ಕೈಗೆ ತಿಕ್ಕಿಕೊಳ್ಳುವುದಾಯಿತು. ಮುದ್ದೇಬಿಹಾಳ ಮುಟ್ಟುವಷ್ಟರಲ್ಲಿ ಬರಿಹೊಟ್ಟೆಯಲ್ಲಿ ಕುಡಿಯುವುದಾಯಿತು. ಬಾಗೇವಾಡಿಯಲ್ಲಿ ಪರೀಕ್ಷೆಯ ದಿನ ಕಿಸೆಯಲ್ಲಿಟ್ಟುಕೊಂಡರೂ ಸಾಕು ಎಂಬಲ್ಲಿಗೆ ಬಂದು ನಿಂತಿತು.

ಕಡೆಯ ಪರೀಕ್ಷೆ ಬಾಗೇವಾಡಿಯ ಒಂದು ಶಾಲೆಯ ಸಭಾಂಗಣದಲ್ಲಿ. ನಾನೂ ಹೋದೆ, ಈ ಸಲ ಯಾರೂ ಎಳೆಯಲಿಲ್ಲ. ಒಳಗೆ ಕಾಲಿಟ್ಟ ಬಸಂತರಾಯ ಸಾಹೇಬರು ಮೂಗು ಅರಳಿಸಿದರು. "ಏನ್ರೀ ಇದು, ಇಲ್ಲಿ ಉಪ್ಪಿನಕಾಯಿ ಹಾಕಾಕತ್ತೀರೇನು?" ಸಿಂದಗಿಯ ಹುಡುಗಿಯೊಬ್ಬಳು ಹಿಡಿಕೆ ಹಿಡಿದು "ಅಯ್ಯಯ್ಯವ್ವಾ" ಎಂದು ಕಿರುಚಿದಳು. ಅಂಗೈಯಲ್ಲಿ ಗೀರು, ಗೀರಿನ ಮೇಲೆ ನಿಂಬೆ. ಇನ್ನೊಬ್ಬಳ ಕೈಯಿಂದ ಯಂತ್ರ ಜಾರಿ ಸಾಹೇಬರ ಕಾಲಮೇಲೆ ಬಿತ್ತು. ಸಿಪಾಯಿ ಪ್ರತಿಯೊಬ್ಬಳ ನಂತರ ಹಿಡಿಕೆ ಒರೆಸಿ ಒರೆಸಿ ಸುಸ್ತಾದ.

ದಾನೇಶ್ವರಿ ಕೈ ತೊಳೆದುಕೊಂಡು ಬಂದಿದ್ದಳು, ಬುದ್ಧಿವಂತೆ. ಮೂವತ್ತೈದು! ಗುತ್ತಿಗೆದಾರ ಚಪ್ಪಾಳೆ ಹೊಡೆದ. ರಾಜಶ್ರೀ ಬಂದಳು, ಮೂವತ್ತಮೂರು. ಶಂಕರೆಪ್ಪ ನನ್ನ ಮೊಣಕೈ ಹಿಡಿದುಕೊಂಡ. ಹದಿನಾಲ್ಕು ದಿನದಲ್ಲಿ ಅಷ್ಟೇ ವಾಪಸು ಬಂದಿತ್ತು. ಮಫ್ಲರಿನ ನಾಲ್ಕು ವಾರವನ್ನು ಯಾರು ತುಂಬಿಕೊಡಬೇಕು?

"ಎರಡನೇದ್ದು" ಎಂದರು ಸಾಹೇಬರು. "ಮುಳ್ಳು ಇಪ್ಪತ್ತರಕಿಂತ ಕೆಳಗ ಬರಬಾರದು. ಯಾರು ಎಷ್ಟೊತ್ತು ಹಿಡೀತೀರಿ ನೋಡೂಣು. ಸೀಟು ಇದರ ಮ್ಯಾಲ."

ಹೆಚ್ಚಿನವರು ಅರ್ಧ ನಿಮಿಷಕ್ಕೆ ಕೈ ಬಿಟ್ಟರು. ದಾನೇಶ್ವರಿ ಮುಖ ಕೆಂಪಗೆ ಮಾಡಿಕೊಂಡು, ಕಾಲು ನಡುಗಿಸುತ್ತ, ಒಂದು ನಿಮಿಷ ಹನ್ನೊಂದು ಸೆಕೆಂಡು ತಡೆದಳು. ಸಭಾಂಗಣವೆಲ್ಲ ಭಲೇ ಎಂದಿತು. ನಾನೂ ಎಂದೆ, ಅನ್ಯಾಯ ಮಾಡಬಾರದು.

ರಾಜಶ್ರೀ ಹಿಡಿದಳು. ಅರ್ಧ ನಿಮಿಷ. ಮುಖದ ಮೇಲೆ ಏನೂ ಇಲ್ಲ, ಸೊಲ್ಲಾಪುರದ ಬಸ್ಸಿನ ದಾರಿ ಕಾಯುವವಳ ಹಾಗೆ ನಿಂತಿದ್ದಾಳೆ. ಒಂದು ನಿಮಿಷ. ಒಂದು ಹನ್ನೊಂದು, ಒಂದು ಹನ್ನೆರಡು! ಶಂಕರೆಪ್ಪನ ಉಗುರು ನನ್ನ ಮೊಣಕೈಯೊಳಗೆ ಇಳಿಯುತ್ತಿತ್ತು. ಒಂದೂವರೆ ನಿಮಿಷಕ್ಕೆ ಸಾಹೇಬರಿಗೆ ಚಹಾ ಬಂತು. ಅವರು ಬಸಿಗೆ ಸುರಿದು ಕುಡಿದರು. ಎರಡು ನಿಮಿಷ. ಬಸಿ ಕೆಳಗಿಟ್ಟರು. ಸಿಪಾಯಿ ಬಗ್ಗಿ ಮುಳ್ಳು ನೋಡಿ "ಇನ್ನೂ ಇಪ್ಪತ್ತೆರಡರಾಗ ಐತ್ರಿ" ಎಂದ.

"ಸಾಕು ಬಿಡವ್ವಾ" ಎಂದರು ಸಾಹೇಬರು.

"ಬಿಡ್ಲೇನ್ರಿ?" ಎಂದು ಕೇಳಿದಳು ರಾಜಶ್ರೀ. ಬೇಕಾದರೆ ಇನ್ನೂ ಹಿಡಿಯುತ್ತೇನೆ ಎನ್ನುವ ಧ್ವನಿ.

ಸಭಾಂಗಣವೆಲ್ಲ ಎದ್ದು ಕೂಗಿತು. ಆದರೆ ಸಾಹೇಬರು ಕೈಯೆತ್ತಿ ಸುಮ್ಮನಾಗಿಸಿದರು. ಒಂದು ಹಾಳೆ ತೆಗೆದರು, ಪೆನ್ನಿನ ಮುಚ್ಚಳ ಬಿಚ್ಚಿದರು. "ಉಸ್ತಾದ್ರ, ಬರ್ರಿ ಮುಂದ. ತರಬೇತಿ ವಿವರ ಹೇಳ್ರಿ, ಕೆಳಗ ನಿಮ್ಮ ಸಹಿ ಬೇಕು. ನಮ್ಮವರು ಇಂಡಿಗಿ ಬಂದು ತನಿಖಿ ಮಾಡ್ತಾರ. ಬರದದ್ದು ಸುಳ್ಳಾತಂದ್ರ ಸೀಟು ರದ್ದು."

ಶಂಕರೆಪ್ಪ ಮುಂದೆ ಹೋದ. ನಾಲ್ಕು ತಾಲೂಕಿನ ತಂದೆತಾಯಿಗಳು ಕಿವಿ ನಿಗುರಿಸಿಕೊಂಡು ಕೂತಿದ್ದರು. ಕೆಲವರು ಮೊಬೈಲ್ ಹೊರತೆಗೆದಿದ್ದರು. ಇಂಥ ಸಭೆ ಅವನ ಜನ್ಮದಲ್ಲಿ ಇನ್ನೊಂದು ಸಿಗುವುದಿಲ್ಲ. ಅವನ ಬಾಯಿ ತೆರೆದುಕೊಂಡಿತು, ನಾನು ಕಣ್ಣು ಮುಚ್ಚಿಕೊಂಡೆ.

"ಮುತ್ತ್ಯಾಂದೇನೂ ಇಲ್ರಿ" ಎಂಬ ಮಾತು ಕೇಳಿಸಿತು. ಕಣ್ಣು ತೆರೆದೆ. ಶಂಕರೆಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. "ನಂದು ಲಿಂಬಿ ಸರಬತ್ತಿನ ಗಾಡಿ ಐತ್ರಿ, ಇಂಡಿ ಬಸ್ ಸ್ಟ್ಯಾಂಡ್ ಎದುರಿಗಿ. ನನ್ನ ಮಗಳು ದಿನಾ ಕೈಲೆ ಇನ್ನೂರು ಹಣ್ಣು ಹಿಂಡ್ತಾಳ. ಅಷ್ಟ ರೀ ಪದ್ಧತಿ. ದೊಡ್ಡವರ ಮುಂದ ಹೇಳಾಕ ನಾಚಿಕಿ ಬಂತು, ಸುಳ್ಳ ಹೇಳಿದೆ. ನನಗ ಬೇಕಾದ ಶಿಕ್ಷಾ ಕೊಡ್ರಿ, ಆಕಿ ಸೀಟು ಕಸೀಬ್ಯಾಡ್ರಿ. ಆಕಿ ಹಿಡದದ್ದು ಸುಳ್ಳಲ್ಲ."

ಯಾರೋ ಕಿಸಕ್ಕೆಂದರು. ಸಾಹೇಬರು ನಗಲಿಲ್ಲ. "ಸಾಲಿ ಬಿಡಿಸಿ ಹಿಂಡಿಸೀರೇನು?" ಎಂದು ಕೇಳಿದರು. ಇದಕ್ಕೆ ಉತ್ತರ ಕೊಡುವ ಅಧಿಕಾರ ನನ್ನದು. ಎದ್ದು ನಿಂತೆ. "ಒಂದು ದಿನಾನೂ ಗೈರುಹಾಜರಿ ಇಲ್ರಿ. ನಾನು ನಿವೃತ್ತ ಮಾಸ್ತರ, ಪಕ್ಕದ ಮನಿಯಾಂವ. ಹೋಮ್‌ವರ್ಕ್ ಮಾತ್ರ ನಾಲ್ಕು ವಾರದ್ದು ಬಾಕಿ ಐತಿ, ಅದು ಇವನ ತಪ್ಪು" ಎಂದೆ.

"ಹಂಗಿದ್ರ ತನಿಖಿ ಈಗ ಇಲ್ಲೇ ಆಗಲಿ" ಎಂದರು ಸಾಹೇಬರು. "ಹಿಂಡಿ ತೋರಿಸಲಿ. ಈ ಮಟಮಟ ಮಧ್ಯಾಹ್ನದಾಗ ಲಿಂಬಿಹಣ್ಣು ಎಲ್ಲಿ ಸಿಗ್ತಾವ?"

ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಆಮೇಲೆ ಮುದ್ದೇಬಿಹಾಳದ ಗುತ್ತಿಗೆದಾರ ಗಂಟಲು ಸರಿಮಾಡಿಕೊಂಡು, ಬಿಳಿ ಜುಬ್ಬಾದ ಕಿಸೆಗೆ ಕೈಹಾಕಿ, ಎರಡು ಹಣ್ಣು ತೆಗೆದು ಮೇಜಿನ ಮೇಲಿಟ್ಟ. ಅವನ ಹಿಂದೆ ಸಿಂದಗಿಯ ತಂದೆಯೊಬ್ಬ ಮೂರು ಇಟ್ಟ. ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿದಳು. ಬ್ಯಾಗು, ಕಿಸೆ, ಟೋಪಿ, ಊಟದ ಡಬ್ಬಿ, ಎಲ್ಲ ಕಡೆಯಿಂದ ಹಣ್ಣು ಹೊರಬಿದ್ದವು. ಕಡೆಗೆ ಸಿಪಾಯಿಯೂ ತಲೆ ತಗ್ಗಿಸಿ ತನ್ನದೊಂದನ್ನು ತಂದಿಟ್ಟ. "ನನ್ನ ಮಗಾ ಮುಂದಿನ ವರ್ಷ ಪರೀಕ್ಷಾಕ್ಕ ಕುಂದರಾಂವ ಅದಾನ್ರಿ" ಎಂದ.

ಅರವತ್ತಮೂರು ಹಣ್ಣು. ದಾನೇಶ್ವರಿ ಕೊಯ್ದು ಕೊಟ್ಟಳು, ರಾಜಶ್ರೀ ಹಿಂಡಿದಳು. ಕೊಯ್ಯುವವಳ ಕೈ ಸೋತು ಆಳು ಬದಲಾಗಬೇಕಾಯಿತು, ಹಿಂಡುವ ಕೈ ನಿಲ್ಲಲಿಲ್ಲ. ಯಾರೋ ಸಕ್ಕರೆ ತಂದರು, ಯಾರೋ ಕೊಡ ತಂದರು. ಸಾಹೇಬರು ಎರಡು ಗ್ಲಾಸು ಕುಡಿದು, ಮೀಸೆ ಒರೆಸಿಕೊಂಡು, ವಿವರದ ಜಾಗದಲ್ಲಿ ದುಂಡಗೆ ಬರೆದರು: "ದಿನಕ್ಕೆ ಇನ್ನೂರು ನಿಂಬೆಹಣ್ಣು. ಹಿಂಡುವುದನ್ನು ಕಣ್ಣಾರೆ ಕಂಡಿದೆ." ಕೆಳಗೆ ಶಂಕರೆಪ್ಪ ಸಹಿ ಹಾಕಿದ. ಸೀಟು ಇಂಡಿಗೆ ಬಂತು! ದಾನೇಶ್ವರಿಯೇ ರಾಜಶ್ರೀಯ ಕೈ ಹಿಡಿದು ಮೇಲೆತ್ತಿದಳು. ನಮಗಿಂತ ಮೊದಲೇ ಬಂದು ಹಿಂದೆ ನಿಂತಿದ್ದ ತಬ್ರೇಜ ಸರ್ ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡರು.

ತಬ್ರೇಜ ಸರ್ ಹಾಸ್ಟೆಲಿನ ಕಾಗದಪತ್ರಕ್ಕೆಂದು ಅಲ್ಲೇ ಉಳಿದರು. ವಾಪಸು ಬರುವಾಗ ನಮಗೆ ಮೂವರಿಗೆ ಸಿಕ್ಕದ್ದು ಇಂಡಿಯ ಮೇಲೆ ಹಾದು ಚಡಚಣಕ್ಕೆ ಹೋಗುವ ಬಸ್ಸು. ಹತ್ತಿದವರಿಗೆಲ್ಲ ಶಂಕರೆಪ್ಪ ತಾನಾಗಿಯೇ ಹೇಳಿದ: "ಇಕಿ ನನ್ನ ಮಗಳ್ರೀ. ನಮ್ಮ ಗಾಡಿಯೊಳಗ ಲಿಂಬಿ ಹಿಂಡ್ತಾಳ. ನಾಲ್ಕು ತಾಲೂಕಿಗಿ ಫಸ್ಟ್ ಬಂದಾಳ." ಕಂಡಕ್ಟರನಿಗೆ ಮೂರು ಸಲ ಹೇಳಿದ. ಇಳಿಯುವವರನ್ನು ತಡೆದು ಹೇಳಿದ. ನಾನು ಕಿಟಕಿಯ ಆಚೆ ನೋಡುತ್ತ ಕೂತೆ, ಆದರೆ ಒಂದು ಸಲವೂ ಅವನನ್ನು ಸುಮ್ಮನಿರು ಎನ್ನಲಿಲ್ಲ.

ರಾಜಶ್ರೀ ಅರ್ಧ ದಾರಿಗೇ ನಿದ್ದೆಹೋದಳು, ಅಪ್ಪನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಇಂಡಿ ಬಂತು, ಇನ್ನೂ ಹೊತ್ತು ಮುಳುಗಿರಲಿಲ್ಲ. ನಾನು ಎದ್ದೆ. ಶಂಕರೆಪ್ಪ ಏಳಲಿಲ್ಲ. ಆ ಬೆರಳುಗಳನ್ನು ಬಿಡಿಸಲು ನೋಡಿದ, ಬಿಡಲಿಲ್ಲ. ಕಂಡಕ್ಟರ್ ನೋಡಿದ, ಬಿಡಲಿಲ್ಲ.

"ಎಬ್ಬಿಸೋ ಮಾರಾಯ" ಎಂದೆ.

ಶಂಕರೆಪ್ಪ ಮಗಳ ಮುಷ್ಟಿಯನ್ನೇ ನೋಡುತ್ತಿದ್ದ. "ಜೂನ್ ತಿಂಗಳಕ್ಕ ಹೋಗಿಬಿಡ್ತಾಳ್ರಿ ಮಾಸ್ತರ. ಆಮ್ಯಾಲ ನನ್ನ ಹಿಂಗ ಯಾರು ಹಿಡಕೊಂಡಾರು?" ಎಂದ. ಆಮೇಲೆ ಕಂಡಕ್ಟರನ ಕಡೆ ತಿರುಗಿ, "ಚಡಚಣಕ್ಕ ಮೂರು ಟಿಕೀಟು ಕೊಡ್ರಿ" ಎಂದ.

ಚಡಚಣದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಆದರೂ ಕೂತುಕೊಂಡೆ.